ಲಾಗಿನ್ ಆದವರೆಲ್ಲರೂ

ಸೋಮವಾರ ಬೆಳಿಗ್ಗೆ ಶಿರಾ ಗೇಟಿನ ಸಿಗ್ನಲ್ ಹಸಿರಾಗಿ, ಹಿಂದಿನ ಆಟೋದವನು ಎರಡು ಸಲ ಹಾರ್ನ್ ಹೊಡೆದರೂ ಉಝ್ಮಾಳ ಸ್ಕೂಟಿ ಅಲ್ಲಾಡಲಿಲ್ಲ. ಅವಳ ಕಣ್ಣ ಮುಂದಿದ್ದದ್ದು ರಸ್ತೆಯಲ್ಲ, ಶನಿವಾರ ಸಂಜೆ ಅವಸರದಲ್ಲಿ ಲಾಕ್ ಮಾಡಿ ಎದ್ದುಬಂದ ಕಂಪ್ಯೂಟರಿನ ಪರದೆ. ಅದರಲ್ಲಿ ಫೈಲಿನ ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ ಇತ್ತೋ, ಇರಲಿಲ್ಲವೋ? ಇದ್ದರೆ ಮಾಡಿದ ಬದಲಾವಣೆ ಸೇವ್ ಆಗಿಲ್ಲವೆಂದು ಅರ್ಥ. ಇತ್ತು ಅನ್ನಿಸಿತು.

ಅಂತರಸನಹಳ್ಳಿಯ ಆ ಕಾರ್ಖಾನೆಯಲ್ಲಿ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಗಾಡಿಗಳ ಬಿಡಿಭಾಗ ಮಾಡುತ್ತಾರೆ. ಉಝ್ಮಾ ಅಲ್ಲಿನ ಸಿಸ್ಟಂ ಮೇಡಂ. ಸೇರಿ ಐದು ತಿಂಗಳಾಗಿತ್ತು, ಆರು ತುಂಬಿದರೆ ಕೆಲಸ ಕಾಯಂ. ಮೊದಲೆಲ್ಲ ಫಿಟ್ಟರ್ ರಿಪೇರಿಗೆಂದು ಪ್ರೆಸ್ಸಿನೊಳಗೆ ಇಳಿಯುವ ಮುಂಚೆ ಸ್ವಿಚ್ಚಿಗೆ ಕೆಂಪು ಹಲಗೆ ತೂಗುಹಾಕುತ್ತಿದ್ದ. ಈಗ ಪರದೆಯಲ್ಲಿ ಪರ್ಮಿಟ್ ತೆಗೆಯುತ್ತಾನೆ. ಅವನೋ ಫೋರ್‌ಮನ್ನೋ ಅದನ್ನು ಮುಚ್ಚುವ ತನಕ ಪ್ರೆಸ್ ಶುರುವಾಗದು. ಹಲಗೆ ಬಿದ್ದುಹೋಗಬಹುದು, ಸಾಫ್ಟ್‌ವೇರ್ ಬೀಳುವುದಿಲ್ಲ ಎಂದು ಉಝ್ಮಾ ತಾನೇ ನಿಂತು ಎಲ್ಲರಿಗೂ ಪಾಠ ಹೇಳಿದ್ದಳು.

ಯಾರು ಯಾವ ಬಟನ್ ಒತ್ತಬಹುದು ಎನ್ನುವ ಸೆಟ್ಟಿಂಗನ್ನು ಹಿಂದಿದ್ದವನು ಸಾಲು ಸಾಲಾಗಿ ಬರೆಯುತ್ತಿದ್ದ. ಉಝ್ಮಾಳ ಕಾಲಕ್ಕೆ ವಿಷುಯಲ್ ಎಡಿಟರ್ ಬಂತು. ಬರೆಯುವ ಗೋಜಿಲ್ಲ, ಎಲ್ಲವೂ ಚೌಕ, ಬಾಣ, ಟಿಕ್ ಗುರುತು. ಮಕ್ಕಳೂ ಮಾಡಬಹುದು ಎಂದು ಅದನ್ನು ಹಾಕಿಕೊಟ್ಟವನು ನಕ್ಕಿದ್ದ, ಇವಳೂ ನಂಬಿದ್ದಳು. ಶನಿವಾರ ಹೊಸ ಆವೃತ್ತಿಯನ್ನು ಪರೀಕ್ಷಿಸುವಾಗ ಪ್ಯಾಕಿಂಗ್ ವಿಭಾಗದ ಪುಟ ತೆರೆಯಲಿಲ್ಲ. ಸದ್ಯಕ್ಕಿರಲಿ ಎಂದು ‘ಲಾಗಿನ್ ಆದವರೆಲ್ಲರೂ’ ಎನ್ನುವ ಚೌಕಕ್ಕೆ ಟಿಕ್ ಹಾಕಿ ಸೇವ್ ಮಾಡಿದಳು, ಪುಟ ತೆರೆಯಿತು. ತೊಂದರೆ ಹುಡುಕಿ ಸರಿಮಾಡಿದ ಮೇಲೆ ಟಿಕ್ ತೆಗೆದಳು. ಚಿತ್ರವೂ ಚೊಕ್ಕವಾಗಿ ಬದಲಾಗಿ, ಪರ್ಮಿಟ್ ಮುಚ್ಚುವ ಬಟನ್ನಿನ ಬಾಣ ಫಿಟ್ಟರ್ ಮತ್ತು ಫೋರ್‌ಮನ್ ಕಡೆಗಷ್ಟೇ ತಿರುಗಿತು. ಮನೆಗೆ ನೆಂಟರು ಬಂದಿದ್ದರು, ಅಮ್ಮ ಮೂರು ಸಲ ಫೋನ್ ಮಾಡಿದ್ದರು. ಚಿತ್ರ ಸರಿಯಿದೆಯಲ್ಲ ಎಂದು ಆವೃತ್ತಿಯನ್ನು ಸರ್ವರಿಗೆ ಏರಿಸಿಬಿಟ್ಟಳು. ಆದರೆ ಸರ್ವರಿಗೆ ಹೋಗುವುದು ಕಣ್ಣಿಗೆ ಕಂಡ ಚಿತ್ರವಲ್ಲ, ಸೇವ್ ಆದ ಫೈಲು.

ರಸ್ತೆ ಬದಿಗೆ ಗಾಡಿ ಹಾಕಿ ಮ್ಯಾನೇಜರ್ ಮೋಹನ್‌ಕುಮಾರ್‌ಗೆ ಫೋನ್ ಮಾಡಿದಳು. ಬೆಳಗಿನ ಮೀಟಿಂಗಿನಲ್ಲಿ ಅವರು ಫೋನ್ ಎತ್ತುವವರಲ್ಲ. ಒಳಗೆ ಕೆಲಸ ಮಾಡುವವರ ಫೋನುಗಳೆಲ್ಲ ಗೇಟಿನ ಗೂಡುಗಳಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತವೆ. ಗಂಟೆ ಎಂಟಾಗಿತ್ತು, ಮೊದಲ ಪಾಳಿ ಶುರು. ಲಾರಿಗಳ ಸಂದಿಯಲ್ಲಿ ನುಗ್ಗಿಸಿಕೊಂಡು ಹೋದಳು. ಏನೂ ಆಗಿರಲಾರದು, ಯಾರು ತಾನೇ ಕಂಡವರ ಪರ್ಮಿಟ್ ಮುಚ್ಚುತ್ತಾರೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಗಾಡಿಯ ವೇಗ ಹೆಚ್ಚಿತು.

ರೂಮಿಗೆ ಬಂದು ಪರದೆ ತೆರೆದರೆ ನಕ್ಷತ್ರ ಅಲ್ಲೇ ಇತ್ತು, ಅಂದರೆ ಸರ್ವರಿಗೆ ಹೋಗಿದ್ದು ಟಿಕ್ ಇದ್ದ ಫೈಲು. ಪಕ್ಕದ ಪರದೆಯಲ್ಲಿ ಪರ್ಮಿಟ್ಟುಗಳ ಪಟ್ಟಿ ತೆರೆದಳು. ಮೂರನೇ ನಂಬರ್ ಪ್ರೆಸ್, ತೆಗೆದವರು ಫಿಟ್ಟರ್ ಅಡವಿಯಪ್ಪ, ಏಳೂ ಮುಕ್ಕಾಲು. ಮುಚ್ಚಿದವರು ಕೊಲ್ಲಾಪುರಮ್ಮ, ಪ್ಯಾಕಿಂಗ್, ಎಂಟು ಗಂಟೆ ನಾಲ್ಕು ನಿಮಿಷ.

ಉಝ್ಮಾ ಓಡಿದಳು. ಚಪ್ಪಲಿಯಲ್ಲಿ ಮಷೀನ್ ಹಾಲಿಗೆ ಬರಬಾರದೆಂಬ ನಿಯಮವೂ ನೆನಪಾಗಲಿಲ್ಲ. ಮೂರನೇ ಪ್ರೆಸ್ಸಿನ ಮುಂದೆ ಆಪರೇಟರ್ ಹಸಿರು ಬಟನ್ನನ್ನು ಒತ್ತಿ ಒತ್ತಿ ಬೈದುಕೊಳ್ಳುತ್ತಿದ್ದ. ಪರದೆಯಲ್ಲಿ ಎಲ್ಲ ಹಸಿರಾಗಿದೆ, ಈ ದರಿದ್ರದ್ದು ಮಾತ್ರ ಶುರುವಾಗುತ್ತಿಲ್ಲ ಎಂದ. ಅವಳು ಅವನ ಕೈ ಹಿಡಿದೆಳೆದಳು. ಅಷ್ಟರಲ್ಲಿ ಪ್ರೆಸ್ಸಿನ ಹಿಂಬದಿಯ ಸಂದಿಯಿಂದ ಗ್ರೀಸ್ ಮೆತ್ತಿದ ಎರಡು ಕಾಲು, ಆಮೇಲೆ ಸೊಂಟ, ಆಮೇಲೆ ಗೂಳೂರಿನ ಅಡವಿಯಪ್ಪ ಹೊರಗೆ ಬಂದರು. ಅಲ್ಲೊಬ್ಬರಿರುವುದು ಆಪರೇಟರಿಗೆ ಕಂಡೇ ಇರಲಿಲ್ಲ. ಅವನು ಒತ್ತಿದ ಬಟನ್ನನ್ನೂ ಅವರನ್ನೂ ನೋಡಿ ಬೆಪ್ಪಾಗಿ ನಿಂತ.

ಅಡವಿಯಪ್ಪ ಅವಳನ್ನು ಕಂಬದ ಮರೆಗೆ ಕರೆದು ಪ್ಯಾಂಟಿನ ಜೇಬು ತೆರೆದು ತೋರಿಸಿದರು. ಒಳಗೆ ಪ್ರೆಸ್ಸಿಗೆ ಕರೆಂಟು ಕೊಡುವ ಪಿಂಗಾಣಿಯ ಮೂರು ಫ್ಯೂಸುಗಳಿದ್ದವು.

“ಕಿತ್ತು ಜೇಬಿಗಾಕ್ಕೊಂಡೇ ಒಳಕ್ಕೋಗದು ನಾನು, ಮೊದ್ಲಿಂದ್ಲೂ ಅಂಗೆ. ಟೈಂ ವೇಸ್ಟು, ಕೀಳ್ಬೇಡ ಅಂತ ಮ್ಯಾನೇಜರ್ ಸಾರು ಬೈದವ್ರೆ. ಅವ್ರ ತಾವ ಹೇಳ್ಬೇಡ ಕಣವ್ವ,” ಎಂದರು.

ಆ ಫ್ಯೂಸುಗಳು ಬೋರ್ಡಿನಲ್ಲೇ ಇದ್ದಿದ್ದರೆ ಎಂದು ಯೋಚಿಸಲು ಹೋಗಿ ಉಝ್ಮಾ ಅರ್ಧಕ್ಕೇ ಬಿಟ್ಟಳು. ರೂಮಿಗೆ ಮರಳಿ ಸೇವ್ ಒತ್ತಿದಳು, ನಕ್ಷತ್ರ ಮಾಯವಾಯಿತು. ಮತ್ತೆ ಸರ್ವರಿಗೆ ಏರಿಸಿದಳು. ಎಲ್ಲ ಸೇರಿ ಆರು ನಿಮಿಷದ ಕೆಲಸ. ಸೆಟ್ಟಿಂಗ್ ಯಾವಾಗ ಬದಲಾಯಿತೆಂದು ಆ ಕಾರ್ಖಾನೆಯಲ್ಲಿ ನೋಡುವವರೂ ಇಲ್ಲ, ನೋಡಿದರೆ ಅರ್ಥವಾಗುವವರೂ ಇಲ್ಲ. ಈ ನೆಮ್ಮದಿ ಅವಳಿಗೇ ಅಸಹ್ಯವೆನಿಸಿತು, ಆದರೂ ಅದು ನೆಮ್ಮದಿಯೇ ಆಗಿತ್ತು.

ಸುದ್ದಿ ಮಾತ್ರ ಹಬ್ಬಿತ್ತು. ಮೋಹನ್‌ಕುಮಾರ್ ಪಟ್ಟಿ ತರಿಸಿ ನೋಡಿ, ಕೊಲ್ಲಾಪುರಮ್ಮನನ್ನು ಎಲ್ಲರೆದುರು ನಿಲ್ಲಿಸಿಕೊಂಡರು. ಅವಳು ದಿನಾ ಗುಬ್ಬಿಯಿಂದ ಬಸ್ಸಿಗೆ ಬರುವ ಕಾಂಟ್ರಾಕ್ಟ್ ಆಳು. ಪಾಳಿ ಶುರುವಾದ ಕೂಡಲೇ ಪರದೆಯ ಮೇಲೆ ಬಾಕಿ ಕೆಲಸ ತೋರಿಸುವ ಹಳದಿ ಚೌಕಗಳನ್ನೆಲ್ಲ ಒತ್ತಿ ಹಸಿರು ಮಾಡಬೇಕು ಎಂದು ಪ್ಯಾಕಿಂಗಿನವರಿಗೆ ಹೇಳಿಕೊಟ್ಟವರು ಇದೇ ಮೋಹನ್‌ಕುಮಾರ್. ಒಂದು ಹಳದಿ ಉಳಿದರೂ ಕೂಗಾಡುವವರೂ ಅವರೇ. ಆವತ್ತು ಒಂದು ಚೌಕ ಜಾಸ್ತಿ ಕಂಡಿತು, ಒತ್ತಿದೆ ಎಂದು ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸಿಸ್ಟಮ್ಮಿನಲ್ಲೇನಾದರೂ ತೊಂದರೆಯಿದೆಯೇ ಎಂದು ಅವರು ಉಝ್ಮಾಳ ಕಡೆ ತಿರುಗಿದರು.

“ಈಗ ಸರಿಯಾಗಿದೆ ಸರ್,” ಎಂದಳು ಉಝ್ಮಾ. ಅದು ಸುಳ್ಳಲ್ಲ.

ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಕೊಲ್ಲಾಪುರಮ್ಮ ಒಂದು ಬಿಳಿ ಹಾಳೆ ಹಿಡಿದುಕೊಂಡು ರೂಮಿನ ಬಾಗಿಲಲ್ಲಿ ನಿಂತಳು. ತಪ್ಪೊಪ್ಪಿಗೆ ಬರೆದುಕೊಡಬೇಕಂತೆ. ಅವಳಿಗೆ ಹೆಸರು ಬರೆಯಲಷ್ಟೇ ಬರುತ್ತದೆ. ಹೋದ ತಿಂಗಳು ಬಸ್ ತಡವಾಗಿ ಬಂದದ್ದಕ್ಕೆ ಒಂದು ಕಾಗದ ಆಗಲೇ ಫೈಲಿಗೆ ಸೇರಿತ್ತು. ಎರಡನೆಯದು ಸೇರಿದರೆ ಕಾಂಟ್ರಾಕ್ಟರ್ ಗೇಟ್ ಪಾಸ್ ಕಿತ್ತುಕೊಳ್ಳುತ್ತಾನೆ. ಬರೆದುಕೊಡದಿದ್ದರೆ ಇವತ್ತೇ ಕಿತ್ತುಕೊಳ್ಳುತ್ತಾನೆ. ಚೆನ್ನಾಗಿ ಬರೆಸಿಕೊಂಡು ಹೋದರೆ ಮ್ಯಾನೇಜರಿಗೆ ಕರುಣೆ ಬಂದರೂ ಬರಬಹುದು ಎಂದು ಅವಳ ಲೆಕ್ಕ.

“ನೀನಾದ್ರೆ ಓದಿರೋಳು, ಮುದ್ದಾಗಿ ಬರೀತೀಯ ತಾಯಿ. ಇನ್ಮ್ಯಾಕೆ ನಂಗೆ ಗೊತ್ತಿಲ್ದಿದ್ದನ್ನ ಒತ್ತಾಕಿಲ್ಲ ಅಂತ್ಲೂ ಸೇರ್ಸು.”

ಉಝ್ಮಾ ಹಾಳೆಯನ್ನು ಮೇಜಿನ ಮೇಲಿಟ್ಟು ನೆಟ್ಟಗೆ ಮಾಡಿದಳು. ‘ಮಾನ್ಯರಿಗೆ’ ಎಂದು ಬರೆದಳು. ಅದರ ಕೆಳಗೆ ‘ಇವರಿಂದ’ ಎಂದು ಬರೆದು ಪೆನ್ನು ನಿಲ್ಲಿಸಿದಳು. ಅಪ್ಪ ಇವಳ ಕೆಲಸ ಕಾಯಂ ಆಗುತ್ತದೆಂದು ಮಸೀದಿಯ ಮುಂದೆ ನಾಲ್ಕು ಜನಕ್ಕೆ ಹೇಳಿಕೊಂಡಿದ್ದರು. ಅಡವಿಯಪ್ಪ ಬದುಕಿದ್ದಾರೆ, ಸೆಟ್ಟಿಂಗ್ ಸರಿಯಾಗಿದೆ, ಈ ಹೆಂಗಸಿಗೆ ಇನ್ನೊಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಗದೇ ಇರುವುದಿಲ್ಲ. ಹೀಗೆ ಸಮಾಧಾನಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಎದುರಿಗೆ ಕೊಲ್ಲಾಪುರಮ್ಮ ಸ್ಟೂಲಿನ ತುದಿಯಲ್ಲಿ, ಪೂರ್ತಿ ಕೂರಲೂ ಹೆದರಿದವಳ ಹಾಗೆ ಕೂತಿದ್ದಳು.

“ಊಟ ಆಯ್ತಾ?” ಎಂದು ಉಝ್ಮಾ ಕೇಳಿದಳು.

“ಇದಾಗ್ಲಿ ಬುಡು. ಅನ್ನ ಒಳಕ್ಕೆ ಇಳೀಬೇಕಲ್ಲ.”

ಉಝ್ಮಾ ತಲೆ ಬಗ್ಗಿಸಿ ಬರೆಯತೊಡಗಿದಳು. ಶನಿವಾರ ಎಂದು ಬರೆದಳು. ಟಿಕ್ ಗುರುತು ಎಂದು ಬರೆದಳು. ಎಲ್ಲೂ ಹೊಡೆದುಹಾಕದೆ, ಓದಿ ಹೇಳದೆ, ಏಳು ಸಾಲು ಬರೆದಳು. ಅಕ್ಷರಗಳು ಮುದ್ದಾಗಿ ಬರಲಿಲ್ಲ. ಕೊನೆಯಲ್ಲಿ ತನ್ನ ಹೆಸರು ಬರೆದು ತಾನೇ ಸೈನ್ ಹಾಕಿದಳು.

ಕೊಲ್ಲಾಪುರಮ್ಮ ಎದ್ದು ಬಂದು, ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯ ಮೇಲೆ ಬಗ್ಗಿ ತನ್ನ ಹೆಸರಿಗೆ ಜಾಗ ಹುಡುಕಿದಳು.

“ನಂದು ಎಲ್ಲಿ ಹಾಕ್ಲವ್ವ?” ಎಂದು ಪೆನ್ನಿಗೆ ಕೈ ಚಾಚಿದಳು.