ಹೊಳೆಯ ಪಾತ್ರದಲ್ಲಿ ಹಾಕಿದ ಡೇರೆ

ಭೂಕಂಪವಾಗಿ ಒಂದು ಚಳಿಗಾಲ ಕಳೆದರೂ ಅಟ್ಲಾಸ್ ಬೆಟ್ಟದ ತಗುಂಟ್ ಹಳ್ಳಿಯ ಜನ ಇನ್ನೂ ಡೇರೆಗಳಲ್ಲೇ ಇದ್ದರು. ಡೇರೆ ಕೊಟ್ಟದ್ದು ಸರ್ಕಾರ. ಜಾಗ ತೋರಿಸಿದ್ದೂ ಸರ್ಕಾರವೇ. ಅದು ಬತ್ತಿದ ಹೊಳೆಯ ಪಾತ್ರ. ಲಾರಿ ನಿಲ್ಲಿಸಲು ಅಲ್ಲಿ ಮಾತ್ರ ಸಮತಟ್ಟಾಗಿತ್ತು.

ಫದ್ಮಾ ಅಲ್ಲೇ ಗಂಡ ಮೋಹಾ, ಅತ್ತೆ ಯಮ್ನಾ, ಉಳಿದ ಇಬ್ಬರು ಮಕ್ಕಳ ಜೊತೆ ದಿನ ದೂಡುತ್ತಿದ್ದಳು. ಭೂಕಂಪದಲ್ಲಿ ಅವಳ ಕಿರಿಮಗಳು ಗೋಡೆಯಡಿ ಸಿಕ್ಕಿಕೊಂಡಾಗ ಊರವರು ಬರಿಗೈಯಲ್ಲೇ ಕಲ್ಲು ಕಿತ್ತಿದ್ದರು. ರಸ್ತೆ ಮುಚ್ಚಿಹೋಗಿ ಯಂತ್ರ ಬರುವಷ್ಟರಲ್ಲಿ ಮಗುವಿನ ದನಿ ನಿಂತುಹೋಗಿತ್ತು. ಅಂದಿನಿಂದ ಯಾರು ಬುದ್ಧಿ ಹೇಳಿದರೂ ಫದ್ಮಾಳಿಗೆ ಮೈ ಉರಿಯುತ್ತಿತ್ತು.

ಹೆಂಗಸರ ಸಂಘದ ಇಜ್ಜಾ ಡೇರೆಯಿಂದ ಡೇರೆಗೆ ಹೋಗಿ ಒಂದೇ ಮಾತು ಹೇಳುತ್ತಿದ್ದಳು. ಬೆಟ್ಟದ ಮೇಲೆ ಮೋಡ ಕಪ್ಪಾದರೆ, ಇಲ್ಲಿ ಬಿಸಿಲಿದ್ದರೂ ಎತ್ತರದ ಕಣಕ್ಕೆ ಹತ್ತಿಬಿಡಿ. ಗುರುತಿನ ಚೀಟಿ, ಔಷಧ, ನೀರು ಒಂದೇ ಚೀಲದಲ್ಲಿಟ್ಟುಕೊಳ್ಳಿ. ಶಿಬಿರವನ್ನೇ ಮೇಲಕ್ಕೆ ಸಾಗಿಸಿ ಎಂದು ಅವಳು ಕಚೇರಿಗೂ ಅಲೆದಿದ್ದಳು. ಆದೇಶ ಮೇಲಿನಿಂದ ಬರಬೇಕು ಎಂದಿದ್ದರು.

"ನನ್ನ ಮಗು ಕೂಗ್ತಿದ್ದಾಗ ನಿಮ್ಮ ಬುದ್ಧಿಮಾತೆಲ್ಲ ಎಲ್ಲಿತ್ತು, ಅಕ್ಕಾ?" ಎಂದು ಫದ್ಮಾ ಅವಳನ್ನು ಕೇಳಿದಳು.

"ಇರಲಿಲ್ಲ ಕಣೆ. ಒಂದು ಹಾರೆ ಕೂಡ ಕೈಗೆ ಸಿಗೋ ಹಾಗೆ ಇಟ್ಟಿರಲಿಲ್ಲ ನಾವು. ಅದಕ್ಕೇ ಈಗ ಬಡ್ಕೊಳ್ತಿರೋದು."

ಮೋಹಾ ಚಹಾ ಬಗ್ಗಿಸುತ್ತಾ ನಕ್ಕ. "ಸರ್ಕಾರ ಅಳೆದು ಕೊಟ್ಟ ಜಾಗ ಇದು. ಹೊಳೆ ಬಂದ್ರೆ ಅವರೇ ಉತ್ತರ ಕೊಡ್ಲಿ ಬಿಡಿ."

"ಕೊಡ್ತಾರಪ್ಪ. ಕೇಳಿಸ್ಕೊಳ್ಳೋಕೆ ನೀನಿರಬೇಕಲ್ಲ," ಎಂದಳು ಇಜ್ಜಾ.

ಬೇಸಿಗೆಯ ಕೊನೆಯ ಒಂದು ಮಧ್ಯಾಹ್ನ ಬೆಟ್ಟದ ತುದಿ ಕಪ್ಪಾಯಿತು. ಇಜ್ಜಾಳ ಸೀಟಿ ಕೇಳಿತು. ಫದ್ಮಾ ತಲೆಯೆತ್ತಿ ನೋಡಿದರೆ ಸುಡುವ ಬಿಸಿಲು. ಆಮೇಲೆ ದೂರದಲ್ಲಿ ಬಂಡೆಗಳು ಉರುಳುವ ಸದ್ದು ಬಂತು. ಮಕ್ಕಳನ್ನೂ ಅತ್ತೆಯನ್ನೂ ಎಳೆದುಕೊಂಡು ಎಲ್ಲರೂ ಏರು ಹತ್ತಿದರು. ಅರ್ಧ ದಾರಿಯಲ್ಲಿ ಮೋಹಾ ನಿಂತ. ಸರ್ಕಾರ ಕಟ್ಟಿಕೊಡಬೇಕಿದ್ದ ಹೊಸ ಮನೆಯ ಕಾಗದ, ಗುರುತಿನ ಚೀಟಿ ಎಲ್ಲ ಹಾಸಿಗೆಯಡಿ ಉಳಿದಿದ್ದವು.

"ಅದಿಲ್ದೆ ಹೋದ್ರೆ ಮನೆ ಕೊಡಲ್ಲ ಕಣೆ ಅವರು. ಈಗ ಬಂದೆ," ಎಂದು ಅವನು ಕೆಳಗೆ ಓಡಿದ.

ಕಣದ ಅಂಚಿನಿಂದ ಫದ್ಮಾ ನೋಡುತ್ತಿದ್ದಂತೆ ಕೆಂಪು ನೀರು ತಿರುವು ದಾಟಿ ಬಂದು ಡೇರೆಗಳನ್ನು ಎತ್ತಿಕೊಂಡು ಹೋಯಿತು. ಮೋಹಾ ಕೆಳಗಿನ ಕಣಿವೆಯಲ್ಲಿ ಹೆಣವಾಗಿ ಸಿಕ್ಕಿದ. ಅಂಗಿಯೊಳಗೆ ಅವಚಿಕೊಂಡಿದ್ದ ಕಾಗದಗಳು ಮುದ್ದೆಯಾಗಿದ್ದವು.

ಈ ಸಲ ರಸ್ತೆ ತೆರೆದಿತ್ತು. ಅಧಿಕಾರಿಗಳು ಮರುದಿನವೇ ಬಂದರು, ಜೊತೆಗೆ ಕ್ಯಾಮೆರಾಗಳೂ ಬಂದವು.

"ಪ್ರಕೃತಿಯ ಮುಂದೆ ಯಾರೇನು ಮಾಡೋಕಾಗುತ್ತಮ್ಮ," ಎಂದರು ಒಬ್ಬರು.

"ಹೊಳೇಲಿ ಡೇರೆ ಹಾಕಿಸಿದ್ದು ಪ್ರಕೃತಿ ಅಲ್ಲ, ಸಾಹೇಬ್ರೆ," ಎಂದಳು ಫದ್ಮಾ.

ಹೊಸ ಡೇರೆ ಕೊಟ್ಟು ಅವರು ಕೆಸರು ಬಳಿದ ಅದೇ ಸಮತಟ್ಟನ್ನು ತೋರಿಸಿದರು. ಫದ್ಮಾ ಡೇರೆಯ ಗಂಟನ್ನು ಹೆಗಲಿಗೇರಿಸಿ ಕಣದ ಕಡೆ ನಡೆದಳು. ಮಗನನ್ನು ಕಳೆದುಕೊಂಡ ಯಮ್ನಾ ಡೇರೆಯ ಕಂಬ ಎತ್ತಿಕೊಂಡಳು. ಮೇಲೆ ಡೇರೆ ಹಾಕಲು ಅನುಮತಿ ಇಲ್ಲ ಎಂದು ಅಧಿಕಾರಿಗಳು ಹಿಂದಿನಿಂದ ಕೂಗಿದರು. ಯಾರೂ ತಿರುಗಲಿಲ್ಲ. ಸಂಜೆಯೊಳಗೆ ಊರೆಲ್ಲ ಕಣದಲ್ಲಿತ್ತು. ಕೆಲವು ವಾರಗಳಾದ ಮೇಲೆ ಕಚೇರಿಯವರೇ ಅಲ್ಲಿ ಸರ್ಕಾರಿ ಶಿಬಿರ ಎಂಬ ಹಲಗೆ ನೆಟ್ಟು ಹೋದರು.

ಈಗ ಫದ್ಮಾ ಇಜ್ಜಾಳ ಜೊತೆ ಡೇರೆ ಡೇರೆ ಸುತ್ತುತ್ತಾಳೆ. ಯಾರಾದರೂ ನಕ್ಕರೆ ಅವಳು ವಾದಕ್ಕೆ ನಿಲ್ಲುವುದಿಲ್ಲ. ಚೀಟಿಗಳೆಲ್ಲಿವೆ, ತಂದು ತೋರಿಸಿ ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸರ್ಕಾರ ಸಮಯಕ್ಕೆ ಬರಲೇಬೇಕು. ಅದು ನಮ್ಮ ಹಕ್ಕು, ಕೇಳುವುದನ್ನು ಬಿಡಬೇಡಿ. ಆದರೆ ಮೊದಲ ಗಳಿಗೆಯಲ್ಲಿ ನಿಮಗೆ ನೀವೇ, ನಿಮ್ಮ ನೆರೆಯವರೇ ದಿಕ್ಕು. ಬೇಕಾದ್ದನ್ನು ಇವತ್ತೇ ಒಂದು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಡಿ. ಎತ್ತರದ ಜಾಗ ಯಾವುದೆಂದು ಮಕ್ಕಳನ್ನು ಕರೆದೊಯ್ದು ತೋರಿಸಿ. ಹೊರಟ ಮೇಲೆ ಯಾವ ಕಾಗದಕ್ಕಾಗಿಯೂ ಹಿಂತಿರುಗಬೇಡಿ. ಕಾಗದದ ನಕಲು ಕಚೇರಿಯಲ್ಲಿ ಸಿಗುತ್ತದೆ. ಫದ್ಮಾಳಿಗೂ ಕೊನೆಗೆ ಸಿಕ್ಕಿತು.