ಗಂಗುಬಾಯಿಯ ತಿಪ್ಪೆ, ಅಕ್ಕೋರ ಭಜ್ಜಿ

ವತ್ಸಲಾಬಾಯಿಯ ಮನೆಯಲ್ಲಿ ಹಳಸಿದ್ದಕ್ಕೆ ಜಾಗವಿಲ್ಲ. ಬೆಳಗಿನ ಸಾರು ರಾತ್ರಿಯ ತಟ್ಟೆಗೆ ಬರುವಂತಿಲ್ಲ, ರಾತ್ರಿಯ ಅನ್ನ ಬೆಳಗಿನ ಮುಖ ನೋಡುವಂತಿಲ್ಲ. ಫ್ರಿಜ್ಜೇನೋ ಇದೆ. ಆದರೆ ಅದರೊಳಗೆ ಹಾಲು, ದೇವರ ಹೂವು ಮತ್ತು ಗಂಡ ವ್ಯಂಕಟೇಶರಾಯರ ಕಣ್ಣಿನ ಹನಿ ಬಿಟ್ಟರೆ ಬೇರೇನೂ ರಾತ್ರಿ ಕಳೆಯಕೂಡದು. ಕಡಗಂಚಿಯ ಶಾಲೆಯಲ್ಲಿ ನಾಗರಿಕಶಾಸ್ತ್ರ ಕಲಿಸಿದವಳು, ಊರಿಗೆಲ್ಲ ಅಕ್ಕೋರು. ನಿವೃತ್ತಿಯಾದ ಮೇಲೆ ಕಟ್ಟಳೆ ಹೇರಲು ಮಕ್ಕಳು ಸಿಗದೆ ಮನೆಯ ಕಟ್ಟಳೆಗಳೇ ಇನ್ನಷ್ಟು ಬಿಗಿಯಾದವು. "ನಾನೂ ಹಳೇವನೇ ಅಲ್ಲೇನ, ನನ್ನ ಯಾಕ ಇಟಗೊಂಡೀದಿ?" ಎಂದು ರಾಯರು ಒಮ್ಮೆ ಕೇಳಿದ್ದರು. ಅವತ್ತು ಎರಡನೇ ಸಲದ ಚಹಾ ಬರಲಿಲ್ಲ.

ಇಂಥ ವತ್ಸಲಾಬಾಯಿಗೆ ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯುವ ಹಟ ಹತ್ತಿತು. ಹಟಕ್ಕೆ ಕಾರಣ ಹೋದ ಸಲದ ಎಳ್ಳ ಅಮಾವಾಸ್ಯೆ.

ಆ ದಿನ ಈ ಸೀಮೆಯಲ್ಲಿ ಮನೆಯೊಳಗೆ ಕೂತು ಉಣ್ಣುವವರಿಲ್ಲ. ಹೊಲ ಇದ್ದವರು ತಮ್ಮ ಹೊಲಕ್ಕೆ ಹೋಗುತ್ತಾರೆ, ಇಲ್ಲದವರು ಕರೆದವರ ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ ಇರುತ್ತದೆ, ಕಡುಬು ಇರುತ್ತದೆ, ಎಲ್ಲಕ್ಕಿಂತ ಮೇಲಾಗಿ ಭಜ್ಜಿ ಇರುತ್ತದೆ. ಆ ಹಂಗಾಮಿನಲ್ಲಿ ಕಣ್ಣಿಗೆ ಬಿದ್ದ ಸೊಪ್ಪು, ಕಾಯಿ, ಹಸಿ ಕಾಳು ಅಷ್ಟನ್ನೂ ಒಂದೇ ಗಡಿಗೆಗೆ ಹಾಕಿ, ಹುಣಸೆ ರಸ ಹಿಂಡಿ, ಕಡಲೆ ಹಿಟ್ಟು ಕಲಸಿ ಕುದಿಸಿದರೆ ಅದು ಭಜ್ಜಿ. ವತ್ಸಲಾಬಾಯಿಗೆ ಹೊಲವಿಲ್ಲ. ಗಂಡ ಹೆಂಡತಿ ಮೊದಲಿನಿಂದಲೂ ಪಕ್ಕದ ಮನೆಯ ಚಂದ್ರಾಮಪ್ಪ, ಗಂಗುಬಾಯಿಯರ ಹೊಲಕ್ಕೇ ಹೋಗುವವರು. ಅವತ್ತೊಂದು ದಿನ ಮಡಿಗೂ ರಜೆ.

ಹೋದ ಸಲ ಯಡ್ರಾಮಿಯಿಂದ ಗಂಗುಬಾಯಿಯ ನಾದಿನಿ ನಿಂಬೆವ್ವ ಬಂದಿದ್ದಳು. ರೊಟ್ಟಿ ಮುರಿಯುತ್ತ, "ಅಕ್ಕೋರು ಬರೋವಾಗ ಕೈಬೀಸಿಕೊಂಡ ಬರ್ತಾರ, ಹೋಗೋವಾಗ ಡಬ್ಬಿ ತುಂಬಕೊಂಡ ಹೋಗ್ತಾರ ನೋಡ್ರಿ" ಎಂದಳು. ಚೇಷ್ಟೆಗೆ ಆಡಿದ ಮಾತು. ಎಲ್ಲರೂ ನಕ್ಕರು, ವತ್ಸಲಾಬಾಯಿಯೂ ನಕ್ಕಳು.

ಮನೆಗೆ ಬಂದು ಆ ಡಬ್ಬಿ ತೊಳೆಯುವಾಗ ಅವಳಿಗೆ ಅಳು ಬಂತು. ನಿಂಬೆವ್ವನ ಮೇಲೆ ಸಿಟ್ಟಿರಲಿಲ್ಲ. ಸುಳ್ಳು ಹೇಳಿದ್ದರೆ ಸಿಟ್ಟಾಗಬಹುದಿತ್ತು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ತಾನು ಗಂಗುಬಾಯಿಯ ಕೈಯಿಂದ ಉಣ್ಣುತ್ತ ಬಂದಿದ್ದೇನೆ, ಗಂಗುಬಾಯಿಯ ತಟ್ಟೆಗೆ ಒಂದು ತುತ್ತು ಹಾಕಿಲ್ಲ ಎಂಬುದು ಅವಳಿಗೆ ಅವತ್ತು ಹೊಳೆಯಿತು. ಕರೆದಿರಲಿಲ್ಲ ಎಂದಲ್ಲ. ಕರೆದಾಗೆಲ್ಲ ಗಂಗುಬಾಯಿ ಹೊಸ್ತಿಲಲ್ಲೇ ನಿಂತು, "ಎಮ್ಮಿ ಹಿಂಡೋದದ ರಿ" ಎಂದು ಓಡುವವಳು. ಓಡುವವಳನ್ನು ಕೈಹಿಡಿದು ಕೂರಿಸಬೇಕೆಂದು ಇವಳಿಗೂ ತೋಚಿರಲಿಲ್ಲ.

ಹಾಗಾಗಿ ದಸರೆಗೆ ಬನ್ನಿ ಕೊಡಲು ಬಂದ ಗಂಗುಬಾಯಿಗೆ ವತ್ಸಲಾಬಾಯಿ ಹೇಳಿಯೇಬಿಟ್ಟಳು. "ಈ ಸಲ ಎಳ್ಳ ಅಮಾಸಿಗೆ ಭಜ್ಜಿ ನಂದು. ಎಲ್ಲಾ ನಮ್ಮ ಹಿತ್ತಲದಾಗ ಬೆಳದದ್ದ ಹಾಕ್ತೇನಿ. ನೀ ಬರೇ ರೊಟ್ಟಿ ತಾ."

"ಆಗಲ್ರಿ ಅಕ್ಕೋರ. ಪಲ್ಯ ಹೆಚ್ಚೋದು ತಪ್ಪತು ನಂದು" ಎಂದಳು ಗಂಗುಬಾಯಿ. ಆಮೇಲೆ ಹಿತ್ತಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಬಿಳಿ ಮಣ್ಣು, ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಒಂದು ತುಳಸಿ. "ಈ ನೆಲಕ್ಕ ಗೊಬ್ಬರ ಬೇಕಾಗ್ತದ್ರಿ. ನಮ್ಮ ತಿಪ್ಪಿ ಬುಡದ್ದು ಒಯ್ರಿ. ಹೋದ ವರ್ಷದ್ದು ಛಲೋ ಕೊಳತಾದ."

ವತ್ಸಲಾಬಾಯಿ ಮುಖ ಸಿಂಡರಿಸಿದಳು. ಮಾತು ಬಾಯಿಂದ ಜಾರಿತು. "ಬ್ಯಾಡವ್ವ. ವರ್ಷಗಟ್ಟಲೆ ಇಟ್ಟ ಹಳಸಿದ್ದು ನಮ್ಮ ಮನಿಯೊಳಗ ನಡ್ಯಂಗಿಲ್ಲ. ನಾವು ಉಣ್ಣೋ ಕಾಯಿಗೆ ಹಳಸಿದ್ದು ಹಾಕೋದೇನು? ಎಮ್ಮಿದು ಬ್ಯಾಡ, ನಿನ್ನ ಆಕಳದ್ದು ತಾಜಾ ಸಗಣಿ ಕೊಡು. ಅದು ಪವಿತ್ರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಗುಬಾಯಿಯ ಅತ್ತೆ ಸಾಯುವ ಮುಂಚೆ ಸೊಸೆಗೆ ಒಪ್ಪಿಸಿದ್ದು ಎರಡು ವಸ್ತು: ಒಂದು ಬೋರಮಾಳ ಸರ, ಇನ್ನೊಂದು ಆ ತಿಪ್ಪೆ. ಸರವನ್ನು ಗಂಗುಬಾಯಿ ಹಬ್ಬಕ್ಕೊಮ್ಮೆ ಹಾಕುತ್ತಾಳೆ, ತಿಪ್ಪೆಗೆ ದಿನಾ ಕೈಮುಗಿಯುತ್ತಾಳೆ. "ತಾಜಾದ್ದ ಕೊಡ್ತೇನಿ ತಗೋರಿ" ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಅಂದಿನಿಂದ ದಿನಾ ಬೆಳಿಗ್ಗೆ ಎರಡು ಹಿತ್ತಲುಗಳ ನಡುವಿನ ಗೋಡೆಯ ಮೇಲೆ ಒಂದು ಬುಟ್ಟಿ ಹಸಿ ಸಗಣಿ ಬರತೊಡಗಿತು, ಇನ್ನೂ ಆವಿಯಾಡುತ್ತ. ವತ್ಸಲಾಬಾಯಿ ಅದನ್ನು ನೈವೇದ್ಯದಷ್ಟೇ ಬಿಸಿಬಿಸಿಯಾಗಿ ಪಾತಿಗಳಿಗೆ ಒಪ್ಪಿಸಿದಳು. ಮೆಂತ್ಯ ಬಿತ್ತಿದಳು, ಪಾಲಕ ಬಿತ್ತಿದಳು, ಆಳಂದದ ಸಂತೆಯಿಂದ ತಂದ ಬದನೆ ಸಸಿ ನೆಟ್ಟಳು. ಹೆಚ್ಚು ಬಡಿಸಿದರೆ ಹೆಚ್ಚು ಪ್ರೀತಿ ಎಂಬುದು ಅವಳ ಅಡುಗೆಮನೆಯ ನ್ಯಾಯ. ಅದೇ ನ್ಯಾಯ ಹಿತ್ತಲಿಗೂ ಹೋಯಿತು.

ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಬದನೆ ಎಲೆಗಳ ಅಂಚು ಸುಟ್ಟ ಹಪ್ಪಳದಂತಾಯಿತು. ಮೆಂತ್ಯ ತಲೆ ಎತ್ತಿದ ಹಾಗೆ ಮಾಡಿ ಮಲಗಿಬಿಟ್ಟಿತು. ಪಾಲಕ ಏಳಲೇ ಇಲ್ಲ. ಮಣ್ಣು ಕೆದಕಿದರೆ ಬೆರಳುದ್ದದ ಬಿಳಿ ಹುಳುಗಳು ಸುಖವಾಗಿ ಸುರುಳಿ ಸುತ್ತಿಕೊಂಡಿದ್ದವು. ಅವುಗಳಿಗೆ ಮಾತ್ರ ಊಟ ಹಿಡಿಸಿತ್ತು.

ಆಳಂದದಲ್ಲಿ ಔಷಧದ ಅಂಗಡಿ ಇಟ್ಟಿದ್ದ ರಾಯರು ಪಾತಿಯೊಳಗೆ ಕೈಯಿಟ್ಟು ನೋಡಿ, "ವತ್ಸಲಾ, ನಿನ್ನ ಹಿತ್ತಲಕ್ಕ ಜ್ವರ ಬಂದದ. ಗುಳಿಗಿ ಕೊಡಲೇನು?" ಎಂದರು.

ವತ್ಸಲಾಬಾಯಿಯೂ ಕೈಯಿಟ್ಟಳು. ನಿಜವಾಗಿಯೂ ಸುಡುತ್ತಿತ್ತು. ಅಕ್ಕಿ ಬೇಯುವ ಮುಂಚೆ ಬಡಿಸಿದ ಹಾಗಾಗಿತ್ತು ಅವಳ ಸೇವೆ. ತಿಪ್ಪೆಯಲ್ಲಿ ಸಗಣಿ ಹಳಸುವುದಿಲ್ಲ, ಅಡುಗೆಯ ಹಾಗೆ ಬೇಯುತ್ತದೆ, ಬೇಯುವುದಕ್ಕೇ ವರ್ಷ ಬೇಕು ಎಂಬುದು ಅವಳಿಗೆ ಆ ಬಿಸಿಯಲ್ಲೇ ತಿಳಿಯಿತು. ತಿಳಿದದ್ದು ಒಳ್ಳೆಯದೇ. ಆದರೆ ಅಮಾವಾಸ್ಯೆ ಅವಳಿಗಾಗಿ ಒಂದು ವರ್ಷ ಕಾಯುವುದಿಲ್ಲ. ಈ ಸಲವೂ ಡಬ್ಬಿ ಹಿಡಿದು ಹೋಗಬೇಕಾದೀತು ಎಂದು ನೆನೆದು ಅವಳು ಆ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದಳು.

ಹಬ್ಬ ಮುಗಿದ ಮೇಲೆ, ಅಭಿಮಾನ ನುಂಗಿಕೊಂಡು ಗಂಗುಬಾಯಿಯ ಹಿತ್ತಲಿಗೆ ಹೋದಳು. ತಿಪ್ಪೆಯ ನೆತ್ತಿಯ ಮೇಲೆ ದೀಪಾವಳಿಗೆ ಸಗಣಿಯಲ್ಲಿ ಮಾಡಿ ಪೂಜಿಸುವ ಲಕ್ಷ್ಮಿ, ಹಟ್ಟೆವ್ವ, ಚೆಂಡುಹೂ ಮುಡಿದು ಕೂತಿದ್ದಳು. ಗಂಗುಬಾಯಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು.

"ಗಂಗುಬಾಯಿ, ಒಂದೆರಡ ಬುಟ್ಟಿ ನಿನ್ನ ತಿಪ್ಪಿ ಗೊಬ್ಬರ ಕೊಡವಾ."

"ಹಟ್ಟಿ ಹಬ್ಬ ಆತಲ್ರಿ ಅಕ್ಕೋರ. ಹಟ್ಟೆವ್ವನ್ನ ಕುಂದರಿಸೀನಿ. ಇನ್ನ ಎಳ್ಳ ಅಮಾಸಿ ದಾಟೋ ತನಕ ಅದರಾಗಿಂದು ಒಂದ ಹಿಡಿನೂ ಗ್ವಾಡಿ ದಾಟಂಗಿಲ್ಲ. ನಮ್ಮತ್ತಿ ಹಾಕಿದ ಪದ್ಧತಿ."

"ಒಂದ ಬುಟ್ಟಿ ಸಾಕು."

"ಒಂದ ಬುಟ್ಟಿ ಆದ್ರೂ ಲಕ್ಷ್ಮಿನ ಅಲ್ಲೇನ್ರಿ." ಗಂಗುಬಾಯಿ ಹಿಂಡಿಯ ಕೈ ತೊಳೆದುಕೊಂಡಳು. "ಮ್ಯಾಲಾಗಿ ಹಳಸಿದ್ದು. ನಿಮ್ಮಂಥೋರ ಮನಿಗಿ ಹಳಸಿದ್ದು ಕಳಿಸಿ ನಾ ಯಾಕ ಪಾಪ ಕಟಗೊಳ್ಳಲಿ?"

ವತ್ಸಲಾಬಾಯಿಗೆ ನಾಚಿಕೆಯಾಯಿತು. "ತಪ್ಪಾತು ನಂದು" ಎಂದಳು. ಮಾಜಿ ಶಿಕ್ಷಕಿಯ ಬಾಯಲ್ಲಿ ಆ ಎರಡು ಶಬ್ದ ಅಪರೂಪ. ಎಮ್ಮೆ ಕೂಡ ತಲೆ ಎತ್ತಿತು. ಗಂಗುಬಾಯಿಯ ಮುಖ ಸಡಿಲಾಯಿತು, ಆದರೆ ಪದ್ಧತಿ ಸಡಿಲಾಗಲಿಲ್ಲ. ಸತ್ತ ಅತ್ತೆಯ ಮಾತು ಮೀರುವ ಧೈರ್ಯ ಅವಳಿಗಿಲ್ಲ, ಇದ್ದ ಅತ್ತೆಯದನ್ನೇ ಮೀರಿದವಳಲ್ಲ.

ವತ್ಸಲಾಬಾಯಿ ಎರಡು ಹೆಜ್ಜೆ ಹೋದವಳು ನಿಂತಳು. ನಾಗರಿಕಶಾಸ್ತ್ರ ಕಲಿಸಿದವರಿಗೆ ಕಾಯಿದೆ ಎಂದರೆ ಗೋಡೆಯಲ್ಲ, ಕಿಟಕಿ ಎಲ್ಲಿದೆ ಎಂದು ಹುಡುಕುವ ಕೆಲಸ.

"ತಿಪ್ಪಿ ಗ್ವಾಡಿ ದಾಟಿ ಹೊರಗ ಹೋಗಬಾರದು. ಹೌದಿಲ್ಲೋ?"

"ಹೌದ್ರಿ."

"ನನ್ನ ಗಿಡ ಗ್ವಾಡಿ ದಾಟಿ ಒಳಗ ಬರಬಾರದು ಅಂತ ನಿಮ್ಮತ್ತಿ ಏನರೆ ಹೇಳ್ಯಾರೇನು?"

ಗಂಗುಬಾಯಿ ಅತ್ತೆಯ ಪದ್ಧತಿಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದಳು. "ಅದನ್ನೇನೂ ಹೇಳಿಲ್ರಿ" ಎಂದಳು ಕೊನೆಗೆ. "ಸಾಲಿ ಕಲತಿರಲಿಲ್ಲ ಪಾಪ. ಕಲತಿದ್ದರ ಅದಕ್ಕೂ ಬಂದೋಬಸ್ತ ಮಾಡತಿದ್ದಳು."

ಹೀಗೆ ವತ್ಸಲಾಬಾಯಿಯ ಹಿತ್ತಲು ಗಂಗುಬಾಯಿಯ ಹಿತ್ತಲೊಳಗೆ ಬಂತು. ತಿಪ್ಪೆಯ ಬುಡ ಕೆದರಿದರೆ ಕಪ್ಪು ಪುಡಿ ಬಂತು, ಸಗಣಿಯ ಗುರುತೇ ಇಲ್ಲ. ಮೂಗು ಮುಚ್ಚಿಕೊಳ್ಳಲು ಸೆರಗು ತಯಾರಾಗಿಟ್ಟುಕೊಂಡಿದ್ದ ವತ್ಸಲಾಬಾಯಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಬಂದು ಸ್ವಲ್ಪ ನಿರಾಸೆಯೇ ಆಯಿತು. ಅದನ್ನು ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿ ತಿಪ್ಪೆಯ ಪಕ್ಕಕ್ಕೇ ಪಾತಿ ಕಟ್ಟಿ, ಸಾಯದೆ ಉಳಿದ ಬದನೆ ಸಸಿಗಳನ್ನು ತಂದು ನೆಟ್ಟಳು, ಸೊಪ್ಪಿನ ಬೀಜ ಹೊಸದಾಗಿ ಬಿತ್ತಿದಳು, ಅಂಚಿಗೆ ಈರುಳ್ಳಿ ಊರಿದಳು.

ಗಂಗುಬಾಯಿ ಕುತೂಹಲದಿಂದ ನೋಡುತ್ತಿದ್ದಳು. ಇಷ್ಟು ದೊಡ್ಡ ತಿಪ್ಪೆಯ ಒಡತಿ ತನ್ನ ಜನ್ಮದಲ್ಲಿ ಒಂದು ಕೊತ್ತಂಬರಿ ಕಡ್ಡಿ ಬೆಳೆದವಳಲ್ಲ. ಗೊಬ್ಬರವೆಲ್ಲ ತೊಗರಿಗೆ, ಜೋಳಕ್ಕೆ, ಕಾಯಿಪಲ್ಯ ಸಂತೆಯಿಂದ. ದೊಡ್ಡ ಹೊಲದವರ ಕಣ್ಣಿಗೆ ಸಣ್ಣ ಪಾತಿ ಕಾಣುವುದಿಲ್ಲ. "ಅಕ್ಕೋರ, ಬೀಜ ಇಷ್ಟ ತೆಳ್ಳಗ ಹಾಕಿದ್ರ ಏನ ಬರ್ತಾವ್ರಿ?" ಎಂದು ಕೇಳಿದವಳು, ಮೆಂತ್ಯ ಒತ್ತಾಗಿ ಎದ್ದಾಗ ತಾನೇ ನೆಟ್ಟವಳ ಹಾಗೆ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಕೋಳಿ ಕೆದರಬಾರದೆಂದು ಸುತ್ತ ಜಾಲಿಮುಳ್ಳು ಚಂದ್ರಾಮಪ್ಪನ ಕೈಯಿಂದ ಹಾಕಿಸಿದಳು. "ನನ್ನ ಜ್ವಾಳಕ್ಕ ಹಂದಿ ಬಂದರೂ ಇಷ್ಟ ಕಾಳಜಿ ಮಾಡಲಿಲ್ಲ ಈಕಿ" ಎಂದು ಅವನು ಗೊಣಗಿದ.

ವತ್ಸಲಾಬಾಯಿ ಮೊದಮೊದಲು ತಿಪ್ಪೆಯಿಂದ ಹೋದ ಮೇಲೆ ಮತ್ತೆ ಸ್ನಾನ ಮಾಡುತ್ತಿದ್ದಳು. "ಸಂಭಾಳಿಸ್ರಿ, ಹಳಸಿದ್ದು ಕಾಲಿಗೆ ಹತ್ತೀತು" ಎಂದು ಗಂಗುಬಾಯಿ ದಿನಾ ಕಾಡುವಳು. ಚಳಿ ಬಿದ್ದ ಮೇಲೆ ಎರಡನೇ ಸ್ನಾನ ತಾನಾಗಿಯೇ ಬಿಟ್ಟುಹೋಯಿತು. ಧರ್ಮಕ್ಕೂ ಚಳಿಗೂ ಜಗಳ ಬಿದ್ದರೆ ಗೆಲ್ಲುವುದು ಚಳಿಯೇ.

ಅಮಾವಾಸ್ಯೆ ಬಂತು. ಬದನೆಕಾಯಿಗಳು ಲಿಂಬೆಹಣ್ಣಿಗಿಂತ ದೊಡ್ಡವಾಗಿರಲಿಲ್ಲ, ಆದರೆ ಮಿರಮಿರ ಮಿಂಚುತ್ತಿದ್ದವು. ಮೆಂತ್ಯ, ಪಾಲಕ, ಹಸಿ ಈರುಳ್ಳಿ ಎಲ್ಲ ಸೇರಿ ಗಡಿಗೆ ತುಂಬಿತು. ವತ್ಸಲಾಬಾಯಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಟ್ರ್ಯಾಕ್ಟರಿನಲ್ಲಿ ಕೂತಳು. ರಾಯರು ಹಿಡಿಯಲು ಕೈಚಾಚಿದರೆ ಕೊಡಲಿಲ್ಲ.

ಹೊಲದಲ್ಲಿ ಪೂಜೆಯಾಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಪಂಕ್ತಿ ಕೂತಿತು. ನಿಂಬೆವ್ವ ಈ ಸಲವೂ ಬಂದಿದ್ದಳು. ಭಜ್ಜಿಯ ಮುಚ್ಚಳ ತೆಗೆದದ್ದೇ ತಡ ಕೇಳಿದಳು. "ಎಲ್ಲಾ ನಿಮ್ಮ ಹಿತ್ತಲದ್ದೇನ್ರಿ ಅಕ್ಕೋರ?"

ವತ್ಸಲಾಬಾಯಿಯ ಸೌಟು ಗಾಳಿಯಲ್ಲೇ ನಿಂತಿತು. ಹೌದು ಎಂದುಬಿಟ್ಟರೆ ಮುಗಿಯಿತು, ಗಂಗುಬಾಯಿ ಬಾಯಿಬಿಡುವವಳಲ್ಲ. ಒಂದು ವರ್ಷ ಆ 'ಹೌದು' ಹೇಳುವುದಕ್ಕೇ ಅವಳು ಬದುಕಿದ್ದಳು. ಆದರೆ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದ ನಾಲಗೆ ಹೊರಳಲಿಲ್ಲ.

"ಇಲ್ಲವ್ವ" ಎಂದಳು. "ನನ್ನ ಹಿತ್ತಲದಾಗ ಎಲ್ಲಾ ಸುಟ್ಟ ಹೋತು. ಇದು ಗಂಗುಬಾಯಿ ತಿಪ್ಪಿ ಬುಡಕ್ಕ ಬೆಳದದ್ದು. ನೆಲ ಅಕಿದು, ಗೊಬ್ಬರ ಅಕಿದು. ನಾ ಬರೇ ನೀರು ಹಾಕೇನಿ." ಈ ವರ್ಷವೂ ತಾನು ಅವಳದ್ದೇ ಉಣ್ಣುವುದಾಯಿತಲ್ಲ ಎಂದು ಕಣ್ಣು ತುಂಬಿತು.

ಗಂಗುಬಾಯಿ ರೊಟ್ಟಿಯ ಬುಟ್ಟಿ ಹಿಡಿದು ಬಡಿಸಲು ಬಗ್ಗಿದ್ದವಳು ನೆಟ್ಟಗಾದಳು. ಬುಟ್ಟಿಯನ್ನು ಗಂಡನ ಕೈಗಿಟ್ಟಳು. ಚಂದ್ರಾಮಪ್ಪನಿಗೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತ. ಗಂಗುಬಾಯಿ ನಿಂಬೆವ್ವನನ್ನು ಸ್ವಲ್ಪ ಆಚೆ ಸರಿಸಿ ಪಂಕ್ತಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಳು, ತಟ್ಟೆ ಮುಂದಿಟ್ಟುಕೊಂಡಳು.

"ನೀ ಕುಂತರ ಬಡಸೋರ್ಯಾರಬೇ?" ಎಂದ ಚಂದ್ರಾಮಪ್ಪ.

"ಅಕ್ಕೋರು ಅದಾರಲ್ಲ" ಎಂದಳು ಗಂಗುಬಾಯಿ. "ಈ ಹೊಲಕ್ಕ ಸೊಸಿಯಾಗಿ ಬಂದಾಗಿಂದ ಎಳ್ಳ ಅಮಾಸಿ ದಿನ ಪಂಕ್ತ್ಯಾಗ ಕುಂತಿಲ್ಲ ನಾ. ಎಲ್ಲಾರದೂ ಆದಮ್ಯಾಗ ಗಡಿಗಿ ಬಳದ ಉಂಡೀನಿ, ತಣ್ಣಗಾಗಿರ್ತಿತ್ತು. ನೀವು ಬರ್ತಿದ್ರಿ, ಹೋಗ್ತಿದ್ರಿ, ನಿಮಗೂ ಗೊತ್ತಿಲ್ಲ. ಗೊಬ್ಬರ ಯಾರದರೆ ಇರಲ್ರಿ ಅಕ್ಕೋರ. ಬಿಸಿ ಅದ, ಹಾಕ್ರಿ."

ವತ್ಸಲಾಬಾಯಿ ಗಡಿಗೆಯೊಂದಿಗೆ ಅವಳೆದುರು ಕೂತು ಹಾಕಿದಳು. ಸೌಟು ತುಳುಕಿ ಒಂದಿಷ್ಟು ತಟ್ಟೆಯ ಹೊರಗೂ ಬಿತ್ತು. ಗಂಗುಬಾಯಿ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಗಂಗುಬಾಯಿ ತಟ್ಟೆಯನ್ನು ಮತ್ತೆ ಮುಂದೆ ಮಾಡಿದಳು.

ಮುಂದಿನವರು ರೊಟ್ಟಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. "ವತ್ಸಲಾ, ನಾವೂ ಇದ್ದೇವಿ" ಎಂದು ರಾಯರು ನೆನಪಿಸಿದರು. ವತ್ಸಲಾಬಾಯಿ ಗಂಗುಬಾಯಿಯ ಎದುರಿನಿಂದ ಏಳಲಿಲ್ಲ.