ದೊರೆಸಾನಿಯ ಬ್ಯಾಟರಿ

ನಮ್ಮ ಯಜಮಾನರಿಗೆ ಇಬ್ಬರು ಹೆಂಡಿರು. ಒಬ್ಬಳು ನಾನು. ಇನ್ನೊಬ್ಬಳು ಶೆಡ್ಡಿನಲ್ಲಿ ನಿಂತಿರುವ ದೊರೆಸಾನಿ. ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡು ಓಡುವ ಹಸಿರು ಕಾರು. ನಮ್ಮ ಮಾವನವರು ಗುಜರಿಯಿಂದ ಎಳೆಸಿಕೊಂಡು ಬಂದು, ಅಪ್ಪ ಮಗ ಸೇರಿ ಜೀವ ಕೊಟ್ಟದ್ದು. ನನ್ನ ತಲೆನೋವಿಗೆ ಒಂದು ಮಾತ್ರೆ ತರಲು ಮರೆಯುವ ಮನುಷ್ಯ ಅವಳಿಗೆ ಎಣ್ಣೆ ಹಾಕುವುದನ್ನು ಎಂದೂ ಮರೆತವರಲ್ಲ ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದೆ. ಈಗ ಹಾಗೆ ಆಡಿಕೊಳ್ಳುವ ಭಾಗ್ಯವೂ ಹೋಯಿತು.

ಒಂದು ದಿನ ಕ್ಷೌರಕ್ಕೆಂದು ಕಾರಿನಲ್ಲಿ ಹೋದವರು ನಡೆದುಕೊಂಡು ಬಂದರು. ಸಂಜೆ ಶೆಡ್ಡು ಖಾಲಿ ಇರುವುದನ್ನು ಕಂಡು, ಕಾರು ಕಳುವಾಯಿತೆಂದು ಬೀದಿ ಒಂದು ಮಾಡಿದರು. ಕಾರು ಕ್ಷೌರದಂಗಡಿಯ ಮುಂದೆ ತಣ್ಣಗೆ ನಿಂತಿತ್ತು. ಇನ್ನೊಂದು ದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಕದಲಲಿಲ್ಲ. ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತುಹೋಗಿತ್ತಂತೆ. ಅವತ್ತೇ ಮಗಳು ಕೀಲಿ ಕಿತ್ತುಕೊಂಡು ಬ್ಯಾಟರಿ ಬಿಚ್ಚಿಸಿದಳು.

ಮಗಳು ಶಾಲೆಯ ಟೀಚರು. ಅವಳಿಗೆ ಪ್ರಪಂಚವೆಲ್ಲ ಪರೀಕ್ಷೆಯೇ. ಕಾರು ಮಾರಿಬಿಡೋಣ ಎಂದಳು. ಇವರು ಊಟ ಬಿಟ್ಟು ಕೂತರು. ಅಪ್ಪನದು ಹಟವಾದರೆ ಮಗಳದು ಅದರಪ್ಪನಂಥ ಹಟ. ಕೊನೆಗೊಂದು ರಾಜಿಯಾಯಿತು. ಭಾನುವಾರ ಇವರು ಯಾರ ಸಹಾಯವೂ ಇಲ್ಲದೆ ಬ್ಯಾಟರಿ ಕೂರಿಸಿ, ದೊರೆಸಾನಿಯನ್ನು ಸ್ಟಾರ್ಟ್ ಮಾಡಿದರೆ ಕೀಲಿ ವಾಪಸ್ಸು. ಆಗದಿದ್ದರೆ ಕಾರು ಕೊಂಡವರ ಪಾಲು.

"ಅಮ್ಮ, ನೀನು ಟಾರ್ಚ್ ಹಿಡ್ಕೊಂಡು ನಿಂತ್ಕೋಬಹುದು. ಬಾಯಿ ಮಾತ್ರ ಬಿಡಬಾರದು," ಎಂದು ನನಗೂ ತಾಕೀತಾಯಿತು.

ಆ ಕಾಲದ ಇಂಗ್ಲಿಷ್ ಕಾರುಗಳದ್ದು ಎಲ್ಲವೂ ಉಲ್ಟಾ. ಲೋಕದ ಕಾರುಗಳಲ್ಲೆಲ್ಲ ಬ್ಯಾಟರಿಯ ಮೈನಸ್ ತಂತಿ ಕಾರಿನ ಮೈಗೆ ಸೇರಿದರೆ, ಇವಳಿಗೆ ಪ್ಲಸ್ ತಂತಿಯೇ ಮೈಗೆ ಸೇರಬೇಕು. ಮಾವನವರು ಮಗನ ತಲೆಗೆ ಮೊಟಕಿ ಕಲಿಸಿದ ಮೊದಲ ಪಾಠವೇ ಅದು. ಆದರೆ ಎರಡು ವರ್ಷದ ಹಿಂದೆ, ದೀಪ ಮಂಕೆಂದು ಇವರೇ ಕರೆಂಟು ಹುಟ್ಟಿಸುವ ಹಳೇ ಡೈನಮೋ ಕಿತ್ತು ಹೊಸ ಆಲ್ಟರ್ನೇಟರ್ ಹಾಕಿದರು. ಅದಕ್ಕೋಸ್ಕರ ವೈರಿಂಗನ್ನೆಲ್ಲ ತಿರುಗಿಸಿ, ಅವಳನ್ನೂ ಲೋಕದ ದಾರಿಗೆ ತಂದರು. ಇನ್ನು ಮೇಲೆ ಪ್ಲಸ್ಸನ್ನು ಮೈಗೆ ಕೊಟ್ಟರೆ ಎಲ್ಲ ಸುಟ್ಟು ಬೂದಿ ಎಂದು ನನಗೆ ಹೇಳಿದ್ದೇ ಹೇಳಿದ್ದು. ಅವತ್ತೂ ಟಾರ್ಚ್ ಹಿಡಿದವಳು ನಾನೇ.

ಭಾನುವಾರ ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವಣಿಗನ ಹಾಗೆ ಶೆಡ್ಡಿಗೆ ಬಂದರು. ಮಗಳು ಬಾಗಿಲಲ್ಲಿ ಕೈಕಟ್ಟಿ ನಿಂತಳು. ಇವರು ಸೀಟಿನ ಹಿಂದಿನ ಗುಂಡಿಯಲ್ಲಿ ಬ್ಯಾಟರಿ ಇಳಿಸಿದರು. ಕಾರಿನ ಮೈಯಿಂದ ಬಂದ ತಂತಿಯನ್ನು ಎತ್ತಿಕೊಂಡು ಪ್ಲಸ್ಸಿನ ಮೇಲೆ ಇಟ್ಟರು. ತಂತಿಯ ತುದಿಯ ಕ್ಲ್ಯಾಂಪ್ ಕೂರಲಿಲ್ಲ. ಹೇಗೆ ಕೂತೀತು, ಅದನ್ನು ಮೈನಸ್ಸಿನ ಸಣ್ಣ ಗೂಟದ ಅಳತೆಗೆ ಬದಲಿಸಿದವರು ಇವರೇ ಅಲ್ಲವೇ. ಸುತ್ತಿಗೆ ತೆಗೆದುಕೊಂಡು ಮೆಲ್ಲಗೆ ತಟ್ಟಿ ಕೂರಿಸಿದರು.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಪರೀಕ್ಷೆಯಲ್ಲಿ ಫೇಲು, ಹೇಳದಿದ್ದರೆ ದೊರೆಸಾನಿ ಸುಡುತ್ತಾಳೆ. ಪರೀಕ್ಷೆ ಹಾಳಾಗಿ ಹೋಗಲಿ ಎಂದುಕೊಂಡು ಬಾಯಿ ಬಿಟ್ಟೆ.

"ರೀ, ಪ್ಲಸ್ಸು..."

"ಪ್ಲಸ್ಸು ಮೈಗೆ. ನಮ್ಮಪ್ಪ ಕಲಿಸಿದ್ದನ್ನ ನೀನು ತಿದ್ದೋಕೆ ಬಂದ್ಯಾ?" ಎಂದು ನಕ್ಕರು.

ಎಷ್ಟು ತಿಂಗಳಾಗಿತ್ತು ಆ ನಗು ಕಂಡು! ಹಳೇ ನಗು, ನನ್ನನ್ನು ಛೇಡಿಸುವ ನಗು. ಅದನ್ನು ನೋಡಿ ನನ್ನ ನಾಲಿಗೆ ಬಿದ್ದುಹೋಯಿತು. ಅಷ್ಟರಲ್ಲಿ ಇವರು ಎರಡನೇ ತಂತಿ ಮುಟ್ಟಿಸಿದರು.

ಚಟ್ ಎಂದು ಕಿಡಿ ಹಾರಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಮಗಳು ಓಡಿಬಂದು, ಇನ್ನೂ ಬಿಗಿಯದ ಆ ತಂತಿಯನ್ನು ಬಟ್ಟೆಯಲ್ಲಿ ಹಿಡಿದು ಕಿತ್ತಳು. ಶೆಡ್ಡಿನ ತುಂಬ ಸುಟ್ಟ ರಬ್ಬರಿನ ವಾಸನೆ.

"ಯಾವ ಕತ್ತೆ ಮುಟ್ಟಿದ್ದು ನನ್ನ ಕಾರನ್ನ?" ಎಂದು ಕೂಗಿದರು.

ನನ್ನ ಬಾಯಲ್ಲಿ ಸುಳ್ಳು ತಾನಾಗಿಯೇ ಬಂತು. ನೀವು ಜ್ವರ ಬಂದು ಮಲಗಿದ್ದಾಗ, ದೀಪ ಮಂಕೆಂದು ನಾನೇ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ ವೈರಿಂಗ್ ಬದಲಾಯಿಸಿದೆ ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು. ಮಕ್ಕಳ ಕಾಪಿಯನ್ನು ಕಣ್ಣಲ್ಲೇ ಹಿಡಿಯುವವಳು, ಸುಮ್ಮನೆ ತಲೆ ತಗ್ಗಿಸಿದಳು. ಇವರು ನನ್ನ ವಂಶವನ್ನೆಲ್ಲ ಎಳೆದು ಬೈದರು. ಬೈಯಲಿ, ಬೈದಷ್ಟೂ ಒಳ್ಳೆಯದು ಎಂದು ನಿಂತಿದ್ದೆ.

ಬೈಯುತ್ತಲೇ ಬಾನೆಟ್ ಎತ್ತಿ ನನ್ನ ಕೈಯಿಂದ ಟಾರ್ಚ್ ಕಸಿದುಕೊಂಡರು. ಇವರು ವೈರುಗಳಿಗೆ ಟೇಪು ಸುತ್ತುವವರಲ್ಲ. ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸುತ್ತಾರೆ. ಅದೂ ಮಾವನವರ ಪಾಠ. ಅಷ್ಟು ತಾಳ್ಮೆ ಇನ್ಯಾವ ಮೆಕ್ಯಾನಿಕ್ಕಿಗಿದೆ? ಸುಟ್ಟ ವೈರುಗಳ ಮೇಲೆ ಹರಿದಾಡುತ್ತಿದ್ದ ಬೆರಳು ಒಂದು ಗಂಟಿನ ಮೇಲೆ ನಿಂತುಬಿಟ್ಟಿತು. ಬೈಗುಳವೂ ನಿಂತಿತು.

"ಇದು ನನ್ನ ಗಂಟು ಕಣೇ," ಎಂದರು.

ಇವರು ಕೈ ಒರೆಸಿಕೊಂಡು, ಅಂಗಿಯ ಜೇಬಿನಿಂದ ಏನೋ ತೆಗೆದು ಮಗಳ ಅಂಗೈಯಲ್ಲಿಟ್ಟರು. ದೊರೆಸಾನಿಯ ಇನ್ನೊಂದು ಕೀಲಿ. ಇಷ್ಟು ತಿಂಗಳೂ ಅದು ಇವರ ಹತ್ತಿರವೇ ಇತ್ತು.

"ಮಾರಿಬಿಡಮ್ಮ," ಎಂದರು. ಮಗಳು ಅಪ್ಪನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು.

ಸೋಮವಾರ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಇವರು. ನುಣ್ಣಗೆ ಹೆರೆದ ಗಡ್ಡ, ಇಸ್ತ್ರಿ ಮಾಡಿದ ಇನ್ನೊಂದು ಅಂಗಿ. ಮುಖದಲ್ಲಿ ಅದೇ ನಗು.

"ಇವತ್ತೇ ಅಲ್ವೇನೇ ಪರೀಕ್ಷೆ? ಬಾ, ಟಾರ್ಚ್ ಹಿಡಿ. ಮಗಳು ಏಳೋದ್ರೊಳಗೆ ಒಂದ್ಸಲ ನೋಡ್ಕೊಂಡುಬಿಡೋಣ."

ನಾನು ಒಲೆ ಆರಿಸಿ, ಟಾರ್ಚ್ ತೆಗೆದುಕೊಂಡು ಅವರ ಹಿಂದೆ ಹೋದೆ.